ಪೊಲೀಸ್ ವ್ಯಾನಿನ ಪಕ್ಕದಲ್ಲಿ ಇನ್ನೊಂದು ವ್ಯಾನು

2020ರ ಮೇ ತಿಂಗಳಲ್ಲಿ ಪೊಲೀಸರ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಮನುಷ್ಯ ಸತ್ತ ಜಾಗ ನೋಡಬೇಕೆಂದು ಅಮೆರಿಕದ ಮಿನಿಯಾಪೊಲಿಸ್‌ಗೆ ಬರುವವರು ನೇರವಾಗಿ 38ನೇ ಬೀದಿಗೆ ಹೋಗುತ್ತಾರೆ. ತಪ್ಪೇನಿಲ್ಲ. ಆದರೆ ಈ ಊರಿನಲ್ಲಿ ಬೆಳೆದದ್ದು ಎರಡು ಸಂಗತಿ. ಪೊಲೀಸರಿಗೆ ಹೋಗುವ ದುಡ್ಡಿನಲ್ಲಿ ಒಂದು ಪಾಲನ್ನು ಬೇರೆ ಕೆಲಸಕ್ಕೆ ತಿರುಗಿಸಬೇಕೆಂಬ ಜಗಳ ಒಂದು. ಪೊಲೀಸರನ್ನು ಕರೆಯದೆ ನಮ್ಮ ಬೀದಿಯನ್ನು ನಾವೇ ನೋಡಿಕೊಳ್ಳುತ್ತೇವೆ ಎಂಬ ಹಟ ಇನ್ನೊಂದು. ಇವು ಎಲ್ಲಿ ಹುಟ್ಟಿದವು, ಎಲ್ಲಿ ಗೆದ್ದವು, ಎಲ್ಲಿ ಎಡವಿದವು ಎಂದು ತಿಳಿಯುವ ಆಸೆ ಇದ್ದವರು ನಡಿಗೆಯನ್ನು ಸ್ವಲ್ಪ ಉತ್ತರಕ್ಕೆ, ಫ್ರಾಂಕ್ಲಿನ್ ಅವೆನ್ಯೂದಿಂದ ಶುರುಮಾಡುವುದು ಒಳ್ಳೆಯದು.

2025ರ ಬೇಸಿಗೆಯಲ್ಲಿ ನಾನು ಹಾಗೆಯೇ ಮಾಡಿದೆ. ಉಳಿದುಕೊಂಡಿದ್ದ ಉಪನಗರದ ಕನ್ನಡ ಮನೆಯಲ್ಲಿ ಈ ವಿಚಾರ ಹೇಳಿದಾಗ, "ಅಲ್ಲಿ ನೋಡೋಕೆ ಏನಿದೆ ಅಕ್ಕಾ? ಹೋಗಲೇಬೇಕು ಅಂದ್ರೆ ಕತ್ತಲಾಗೋದ್ರೊಳಗೆ ಬಂದ್ಬಿಡಿ," ಎಂದರು. ಮಿನ್ನೆಹಾಹಾ ಜಲಪಾತ, ಮಾಲ್ ಆಫ್ ಅಮೆರಿಕ, ಮೇಪಲ್ ಗ್ರೋವ್‌ನ ಹಿಂದೂ ದೇವಸ್ಥಾನ ಇಷ್ಟಾದರೆ ನಮ್ಮವರ ಮಿನಿಯಾಪೊಲಿಸ್ ಮುಗಿಯಿತು. ನಗರದ ದಕ್ಷಿಣ ಭಾಗ ಟಿವಿಯಲ್ಲಿ ಉರಿದದ್ದನ್ನು ಎಲ್ಲರೂ ನೋಡಿದ್ದಾರೆ, ನಡೆದು ನೋಡಿದವರು ಕಡಿಮೆ.

ಫ್ರಾಂಕ್ಲಿನ್ ಅವೆನ್ಯೂ: ಗಸ್ತಿನ ಹಳೆಯ ಬೀದಿ

ಬ್ಲೂ ಲೈನ್ ರೈಲು ಇಳಿದು ಫ್ರಾಂಕ್ಲಿನ್ ಅವೆನ್ಯೂದಲ್ಲಿ ಪಶ್ಚಿಮಕ್ಕೆ ನಡೆದರೆ ಸ್ವಲ್ಪ ಹೊತ್ತಿನಲ್ಲೇ ಮಿನಿಯಾಪೊಲಿಸ್ ಅಮೆರಿಕನ್ ಇಂಡಿಯನ್ ಸೆಂಟರ್ ಸಿಗುತ್ತದೆ. 1975ರಲ್ಲಿ ತೆರೆದ ಕಟ್ಟಡ, ದೊಡ್ಡ ನವೀಕರಣ ಮುಗಿಸಿ 2024ರಲ್ಲಿ ಮತ್ತೆ ಬಾಗಿಲು ತೆರೆದಿದೆ. ಸುತ್ತಲಿನ ಬೀದಿಗಳಲ್ಲಿ ಡಕೋಟ, ಒಜಿಬ್ವೆ ಜನರ ಅಂಗಡಿ, ಕಚೇರಿ, ಗೋಡೆಚಿತ್ರಗಳು. ಮೀಸಲು ಪ್ರದೇಶಗಳಲ್ಲಿದ್ದ ಮೂಲನಿವಾಸಿಗಳನ್ನು ನಗರಗಳಿಗೆ ಕಳಿಸುವ ಕಾನೂನನ್ನು ಅಮೆರಿಕ ಸರ್ಕಾರ 1956ರಲ್ಲಿ ಮಾಡಿತು. ಕೆಲಸ ಕೊಡಿಸುತ್ತೇವೆ ಎಂದು ಕರೆತಂದವರು ಹೆಚ್ಚಿನವರನ್ನು ಇಂಥ ಬೀದಿಗಳಲ್ಲಿ ಇಳಿಸಿ ಕೈತೊಳೆದುಕೊಂಡರು. ಬಾಡಿಗೆ ಮನೆ ಇಕ್ಕಟ್ಟು, ಕೆಲಸ ಅಪರೂಪ. ವಾರದ ಕೊನೆಗೆ ಬಾರುಗಳ ಮುಂದೆ ಪೊಲೀಸ್ ವ್ಯಾನು ಬಂದು ನಿಲ್ಲುತ್ತಿತ್ತು, ಹೊರಗೆ ಬಂದವರನ್ನು ತುಂಬಿಕೊಂಡು ಹೋಗುತ್ತಿತ್ತು.

1968ರ ಜುಲೈನಲ್ಲಿ ಡೆನಿಸ್ ಬ್ಯಾಂಕ್ಸ್, ಕ್ಲೈಡ್ ಬೆಲೆಕೋರ್ಟ್ ಮೊದಲಾದವರು ಸೇರಿ ಅಮೆರಿಕನ್ ಇಂಡಿಯನ್ ಮೂವ್‌ಮೆಂಟ್ ಕಟ್ಟಿದ್ದು ಈ ನಗರದಲ್ಲೇ. ಅವರ ಮೊದಲ ಕೆಲಸಗಳಲ್ಲಿ ಒಂದು ಗಸ್ತು. ಪೊಲೀಸ್ ರೇಡಿಯೋಗೆ ಕಿವಿಗೊಟ್ಟು ಕೂರುವುದು, ಕರೆ ಎಲ್ಲಿಂದ ಬಂತು ಎಂದು ಗೊತ್ತಾದ ಕೂಡಲೇ ಪೊಲೀಸರಿಗಿಂತ ಮೊದಲು ಅಲ್ಲಿಗೆ ತಲುಪುವುದು, ಕುಡಿದವನನ್ನು ಕಾರಿನಲ್ಲಿ ಕೂರಿಸಿ ಮನೆಗೆ ಬಿಡುವುದು. ಪೊಲೀಸರು ಆಗಲೇ ಬಂದಿದ್ದರೆ ಪಕ್ಕದಲ್ಲಿ ನಿಂತು ನಡೆದದ್ದನ್ನೆಲ್ಲ ಬರೆದುಕೊಳ್ಳುವುದು. ಪೊಲೀಸರನ್ನು ತೆಗೆಯಿರಿ ಎಂದು ಅವರು ಯಾರನ್ನೂ ಕೇಳಲಿಲ್ಲ. ಪೊಲೀಸರಿಗೆ ಕೆಲಸವೇ ಉಳಿಯದಂತೆ ಮಾಡಲು ಹೊರಟಿದ್ದರು. ಮುಂದೆ 50 ವರ್ಷ ಈ ನಗರದಲ್ಲಿ ನಡೆದ ಪ್ರಯತ್ನಗಳ ಬೀಜ ಇಲ್ಲೇ ಇದೆ.

ಸೆಂಟರಿನಿಂದ ಕೆಲವೇ ಹೆಜ್ಜೆ ದೂರದಲ್ಲಿ ಪೌವೌ ಗ್ರೌಂಡ್ಸ್ ಎಂಬ ಕಾಫಿ ಅಂಗಡಿ. 2020ರ ಮೇ ತಿಂಗಳ ಕೊನೆಯ ರಾತ್ರಿಗಳಲ್ಲಿ ನಗರ ಉರಿಯುತ್ತಿದ್ದಾಗ ಹಳೆಯ ಗಸ್ತು ಮತ್ತೆ ಎದ್ದಿತು, ಈ ಕಾಫಿ ಅಂಗಡಿಯೇ ಅದರ ಠಾಣೆಯಾಯಿತು. ಮೊಮ್ಮಕ್ಕಳ ವಯಸ್ಸಿನವರು ರಾತ್ರಿಯಿಡೀ ಬೀದಿಯ ಅಂಗಡಿ, ಗ್ರಂಥಾಲಯ, ಆಸ್ಪತ್ರೆಗಳನ್ನು ಕಾದರು. ಹಗಲು ಅದೇ ಜಾಗ ಅಕ್ಕಿ, ಡೈಪರ್, ನೀರಿನ ಬಾಟಲಿಗಳ ಉಗ್ರಾಣ. ಇಂದು ಒಳಗೆ ಹೋದರೆ ಕಾಫಿ ಸಿಗುತ್ತದೆ, ಪಕ್ಕದ ಗ್ಯಾಲರಿಯಲ್ಲಿ ಮೂಲನಿವಾಸಿ ಕಲಾವಿದರ ಚಿತ್ರಗಳಿರುತ್ತವೆ. ಆ ರಾತ್ರಿಗಳ ಬಗ್ಗೆ ಬೋರ್ಡು ಹಾಕಿಕೊಳ್ಳಬೇಕು ಎಂದು ಇಲ್ಲಿ ಯಾರಿಗೂ ಅನ್ನಿಸಿದಂತಿಲ್ಲ.

ಲೇಕ್ ಸ್ಟ್ರೀಟ್: ಸುಟ್ಟ ಠಾಣೆ, 85 ಚೀಲ

ರೈಲಿನಲ್ಲಿ ಮುಂದಿನ ನಿಲ್ದಾಣವೇ ಲೇಕ್ ಸ್ಟ್ರೀಟ್. ಬೀದಿಯ ಮೇಲೆ ಎತ್ತರಿಸಿ ಕಟ್ಟಿದ ಪ್ಲಾಟ್‌ಫಾರಮ್ಮಿನಿಂದ ಇಳಿದು ಪೂರ್ವಕ್ಕೆ ನಡೆದರೆ ಮಿನ್ನೆಹಾಹಾ ಅವೆನ್ಯೂ ಕೂಡುವ ಮೂಲೆಯಲ್ಲಿ ಹಳೆಯ ಮೂರನೇ ಠಾಣೆ. ಫ್ಲಾಯ್ಡ್ ಅವರ ಕತ್ತಿನ ಮೇಲೆ ಒಂಬತ್ತು ನಿಮಿಷಕ್ಕೂ ಮಿಕ್ಕಿ ಮಂಡಿಯೂರಿದ ಡೆರೆಕ್ ಶೋವಿನ್ ಕೆಲಸ ಮಾಡುತ್ತಿದ್ದ ಠಾಣೆ. ಸಾವಾಗಿ ಮೂರು ದಿನಕ್ಕೆ, 2020ರ ಮೇ 28ರ ರಾತ್ರಿ, ಮೇಯರ್ ಜೇಕಬ್ ಫ್ರೇ ಠಾಣೆ ಬಿಟ್ಟು ಹೊರಡುವಂತೆ ಪೊಲೀಸರಿಗೆ ಹೇಳಿದರು. ಪೊಲೀಸರು ಹೊರಟರು, ಗುಂಪು ಒಳಗೆ ನುಗ್ಗಿತು, ಕಟ್ಟಡಕ್ಕೆ ಬೆಂಕಿ ಬಿತ್ತು. ಆಮೇಲೆ ವರ್ಷಗಟ್ಟಲೆ ಅದು ಕಾಂಕ್ರೀಟ್ ತಡೆ, ಮುಳ್ಳುತಂತಿಗಳ ಹಿಂದೆ ಹಾಗೆಯೇ ನಿಂತಿತ್ತು. ಮತ್ತೆ ಠಾಣೆ ಮಾಡಬೇಕೇ, ಕೆಡವಬೇಕೇ ಎಂಬ ವಾದ ಎಳೆದಾಡಿ, ಕೊನೆಗೆ ಚುನಾವಣಾ ಕೆಲಸಗಳ ಕೇಂದ್ರ ಮಾಡುವುದೆಂದು ನಗರಾಡಳಿತ ತೀರ್ಮಾನಿಸಿದೆ. ಪೊಲೀಸರಿಗೆ ಅದೇ ಅವೆನ್ಯೂದಲ್ಲಿ ಉತ್ತರಕ್ಕೆ ಬೇರೊಂದು ಕಟ್ಟಡ ಗೊತ್ತುಮಾಡಲಾಗಿದೆ.

ಎದುರುಗಡೆ ಟಾರ್ಗೆಟ್ ಮಳಿಗೆ. ಬೆಂಗಳೂರಿನ ಮಾನ್ಯತಾ ಟೆಕ್ ಪಾರ್ಕ್‌ನಲ್ಲಿ ಕಚೇರಿ ಇಟ್ಟು ಸಾವಿರಾರು ಜನಕ್ಕೆ ಕೆಲಸ ಕೊಟ್ಟಿರುವ ಅದೇ ಟಾರ್ಗೆಟ್. ಅದರ ತವರೂರು ಇದು. ಆ ವಾರ ಲೂಟಿಯಾದ ಮಳಿಗೆಗಳಲ್ಲಿ ಮೊದಲ ಸಾಲಿನದು. ಪಕ್ಕದ ಕಬ್ ಫುಡ್ಸ್ ಎಂಬ ದಿನಸಿ ಅಂಗಡಿಯೂ ಹೋಯಿತು. ಅಂಚೆ ಕಚೇರಿ ಸುಟ್ಟಿತು, ಔಷಧದ ಅಂಗಡಿಗಳು ಮುಚ್ಚಿದವು, ಬಸ್ಸು ರೈಲು ನಿಂತವು. ಮಿನಿಯಾಪೊಲಿಸ್, ಸೇಂಟ್ ಪಾಲ್ ಎರಡೂ ಸೇರಿ ಹಾಳಾದ ಕಟ್ಟಡಗಳು ಸುಮಾರು 1,500, ನಷ್ಟ ಸುಮಾರು 50 ಕೋಟಿ ಡಾಲರ್ ಎಂಬ ಅಂದಾಜು. ಇವೆಲ್ಲ ಕೊರೊನಾ ಕಾಲದಲ್ಲಿ ನಡೆದದ್ದು ಎಂಬುದನ್ನು ಮರೆಯಬಾರದು. ಕೆಲಸ ಕಳೆದುಕೊಂಡು ಮನೆಯಲ್ಲಿದ್ದವರಿಗೆ ಒಂದೇ ರಾತ್ರಿಯಲ್ಲಿ ಬ್ರೆಡ್ಡು ಹಾಲು ಕೊಳ್ಳುವ ಅಂಗಡಿಯೂ ಇಲ್ಲವಾಯಿತು.

ಆಗ ನಡೆದದ್ದನ್ನು ತಿಳಿಯಲು ಪೂರ್ವಕ್ಕೆ ಇನ್ನೂ ಸ್ವಲ್ಪ ಹೋಗಿ ಸ್ಯಾನ್‌ಫರ್ಡ್ ಮಿಡಲ್ ಸ್ಕೂಲನ್ನು ಹೊರಗಿನಿಂದಲಾದರೂ ನೋಡಬೇಕು. ಕಷ್ಟದಲ್ಲಿದ್ದ ಮಕ್ಕಳ ಮನೆಗಳಿಗೆ 85 ಚೀಲ ದಿನಸಿ ಬೇಕಿದೆ, ಕೊಡುವವರು ಭಾನುವಾರ ತಂದುಕೊಡಿ ಎಂದು ಶಾಲೆಯವರು ಕೇಳಿದರು. ಆ ಭಾನುವಾರ ಕಾರುಗಳ ಸಾಲು ಮೈಲಿಗಟ್ಟಲೆ ಬೆಳೆಯಿತು. ಚೀಲಗಳ ಲೆಕ್ಕ ನೂರನ್ನು ದಾಟಿ, ಸಾವಿರ ದಾಟಿ, ಹತ್ತಾರು ಸಾವಿರಕ್ಕೆ ಹೋಯಿತು. ಶಾಲೆಯ ಮೈದಾನ ಸಾಲದೆ ಲಾರಿಗಳಲ್ಲಿ ತುಂಬಿ ಬೇರೆ ಬಡಾವಣೆಗಳಿಗೆ ಸಾಗಿಸಿದರು. ಅರ್ಜಿ ಇಲ್ಲ, ರೇಷನ್ ಕಾರ್ಡು ಇಲ್ಲ, ಬಂದವರಿಗೆ ಚೀಲ.

ಠಾಣೆಯ ಹಿಂದಿನ ಬೀದಿಯ ಹೋಲಿ ಟ್ರಿನಿಟಿ ಲುಥೆರನ್ ಚರ್ಚು ಅಶ್ರುವಾಯು, ರಬ್ಬರ್ ಗುಂಡು ತಿಂದವರ ಆಸ್ಪತ್ರೆಯಾಗಿತ್ತು. ಅದೇ ನೆರೆಯಲ್ಲಿ ಗಾಂಧಿ ಮಹಲ್ ಎಂಬ ಹೋಟೆಲು. ಬಾಂಗ್ಲಾದೇಶದಿಂದ ಬಂದ ರುಹೆಲ್ ಇಸ್ಲಾಂ ನಡೆಸುತ್ತಿದ್ದರು. ಗಾಯಾಳುಗಳನ್ನು ನೋಡಿಕೊಳ್ಳುವವರಿಗೆ ತಮ್ಮ ಹೋಟೆಲಿನ ಕೋಣೆಯೊಂದನ್ನು ಬಿಟ್ಟುಕೊಟ್ಟಿದ್ದರು. ಠಾಣೆ ಸುಟ್ಟ ರಾತ್ರಿಯೇ ಬೆಂಕಿ ಹರಡಿ ಗಾಂಧಿ ಮಹಲ್ ಕೂಡ ಬೂದಿಯಾಯಿತು. ಕಟ್ಟಡವನ್ನು ಮತ್ತೆ ಕಟ್ಟಬಹುದು, ಸತ್ತ ಮನುಷ್ಯನನ್ನು ಮತ್ತೆ ಕಟ್ಟಲಾಗದು ಎಂಬ ಅರ್ಥದ ಅವರ ಮಾತು ಮಗಳ ಫೇಸ್‌ಬುಕ್ ಬರಹದ ಮೂಲಕ ಊರೂರು ಸುತ್ತಿತು. ಗಾಂಧಿಯ ಹೆಸರಿನ ಹೋಟೆಲು ಉರಿಯುವಾಗ ಅದರ ಯಜಮಾನ ಹೀಗೆ ಹೇಳಿದರೆ ಸುದ್ದಿಯವರು ಬಿಡುತ್ತಾರೆಯೇ. ಆದರೆ ಅದೇ ಲೇಕ್ ಸ್ಟ್ರೀಟಿನಲ್ಲಿ ಸೊಮಾಲಿ, ಮೆಕ್ಸಿಕನ್, ಇಕ್ವಡಾರ್ ಮೂಲದ ನೂರಾರು ಸಣ್ಣ ಅಂಗಡಿಕಾರರಿದ್ದರು. ಸಾಕಷ್ಟು ವಿಮೆ ಇಲ್ಲದವರು ಹಲವರು. ಅವರ ಪಾಲಿಗೆ ಬೆಂಕಿ ಬರೀ ಬೆಂಕಿಯೇ.

ಆ ರಾತ್ರಿಗಳಲ್ಲಿ ಅಗ್ನಿಶಾಮಕ ದಳ ಎಲ್ಲ ಕಡೆಗೂ ತಲುಪಲಾಗದೆ ಹೋಯಿತು. ಓಣಿಓಣಿಗಳಲ್ಲಿ ಜನ ಕುರ್ಚಿ ಹಾಕಿಕೊಂಡು ಅಂಗಳದಲ್ಲಿ ಕೂತರು, ತೋಟಕ್ಕೆ ನೀರು ಹಾಯಿಸುವ ಪೈಪನ್ನು ನಲ್ಲಿಗೆ ಸಿಕ್ಕಿಸಿ ಇಟ್ಟುಕೊಂಡರು, ಫೋನಿನಲ್ಲಿ ಗುಂಪು ಮಾಡಿಕೊಂಡರು. ಹತ್ತು ವರ್ಷ ಪಕ್ಕದ ಮನೆಯವರ ಹೆಸರು ಗೊತ್ತಿಲ್ಲದೆ ಬದುಕಿದವರಿಗೆ ಇಡೀ ಬೀದಿಯ ನಂಬರು ಸಿಕ್ಕಿತು. ಬೆಂಕಿ ಆರಿದ ಮೇಲೂ ಆ ಗುಂಪುಗಳು ಉಳಿದವು. ಯಾರಿಗೆ ಬಾಡಿಗೆ ಕಟ್ಟಲಾಗಿಲ್ಲ, ಯಾರಿಗೆ ಮಾತ್ರೆ ತರಬೇಕು ಎಂಬ ಮಾತು ಅವುಗಳಲ್ಲೇ ಓಡಾಡಿತು.

ಪೌಡರ್‌ಹಾರ್ನ್ ಪಾರ್ಕ್: ಒಂದು ಮಾತು, ನೂರಾರು ಡೇರೆ

ಲೇಕ್ ಸ್ಟ್ರೀಟಿನಲ್ಲೇ ಪಶ್ಚಿಮಕ್ಕೆ ಬಂದರೆ ಷಿಕಾಗೋ ಅವೆನ್ಯೂ ಕೂಡುವಲ್ಲಿ ಒಂದು ಕಾಲದ ಸಿಯರ್ಸ್ ಕಂಪನಿಯ ಎತ್ತರದ ಕಟ್ಟಡ. ಕೆಳಗೆ ಮಿಡ್‌ಟೌನ್ ಗ್ಲೋಬಲ್ ಮಾರ್ಕೆಟ್ ಎಂಬ ಒಳಸಂತೆ. ಹಸಿವಾಗಿದ್ದರೆ ಇಲ್ಲಿ ಊಟ ಮುಗಿಸಿಕೊಳ್ಳಿ, ಮುಂದೆ ನಡಿಗೆ ಉದ್ದ. ಪಕ್ಕದ ಹೋಟೆಲು ಗಲಭೆಯ ದಿನಗಳಲ್ಲಿ ಖಾಲಿಯಾಗಿತ್ತು. ಕರ್ಫ್ಯೂ ಹಾಕಿದಾಗ ಮನೆಯೇ ಇಲ್ಲದವರು ಎಲ್ಲಿಗೆ ಹೋಗಬೇಕು ಎಂದು ಕೇಳಿ ಸ್ವಯಂಸೇವಕರು ಅವರನ್ನು ಅಲ್ಲಿಗೆ ಕರೆತಂದರು. ಸುಮಾರು ಇನ್ನೂರು ಜನಕ್ಕೆ ಕೋಣೆ ಸಿಕ್ಕಿತು. ಅಡುಗೆ, ಔಷಧ, ಕಾವಲು ಎಲ್ಲವೂ ಸ್ವಯಂಸೇವಕರದ್ದೇ. ಎರಡು ವಾರ ತುಂಬುವುದರೊಳಗೆ ಅದು ಮುರಿದುಬಿತ್ತು. ಮಾದಕ ವಸ್ತು, ಜಗಳ, ನಿದ್ದೆಗೆಟ್ಟ ಸ್ವಯಂಸೇವಕರು. ಮಾಲೀಕರು ಎಲ್ಲರೂ ಹೊರಡಬೇಕೆಂದರು.

ಹೊರಟವರಲ್ಲಿ ಹಲವರು ಸೇರಿದ್ದು ಕೆಲವು ಬೀದಿ ದಕ್ಷಿಣದ ಪೌಡರ್‌ಹಾರ್ನ್ ಪಾರ್ಕ್. ನಮ್ಮ ಊರಿನ ಕೆರೆ ಏರಿಯ ಹಾಗೆ ಸುತ್ತ ದಿಬ್ಬ, ನಡುವೆ ಸಣ್ಣ ಸರೋವರ, ಸಂಜೆಯಾದರೆ ಮಕ್ಕಳು ಮುದುಕರೆಲ್ಲ ಬಂದು ಸೇರುವ ಜಾಗ. 1970ರ ದಶಕದಿಂದ ಮೇ ದಿನದ ದೊಡ್ಡ ಬೊಂಬೆಗಳ ಮೆರವಣಿಗೆಗೆ ಹೆಸರಾದ ಪಾರ್ಕು. ಸುತ್ತ ಮರದ ಹಳೆಯ ಮನೆಗಳು, ಅಂಗಳದಲ್ಲಿ ಘೋಷಣೆಯ ಫಲಕಗಳು. ಪುಸ್ತಕ ಇಡುವ ಪುಟ್ಟ ಪೆಟ್ಟಿಗೆಗಳಲ್ಲಿ ಈಗ ಅಲ್ಲಲ್ಲಿ ಬೇಳೆ, ಡಬ್ಬಿ ತರಕಾರಿಯೂ ಕಾಣುತ್ತವೆ.

2020ರ ಜೂನ್ 7ರಂದು ಈ ಹುಲ್ಲಿನ ಮೇಲೆ ವೇದಿಕೆ ಹಾಕಿದ್ದರು. ನಗರದ 13 ಮಂದಿ ಕೌನ್ಸಿಲ್ ಸದಸ್ಯರಲ್ಲಿ ಒಂಬತ್ತು ಮಂದಿ ಮೇಲೆ ಬಂದು ನಿಂತು, ಈಗಿರುವ ಪೊಲೀಸ್ ಇಲಾಖೆಯನ್ನು ಕೊನೆಗೊಳಿಸುವ ಕೆಲಸ ಶುರುಮಾಡುತ್ತೇವೆ ಎಂದು ಮಾತು ಕೊಟ್ಟರು. ವೇದಿಕೆಯ ಮುಂದೆ ಪೊಲೀಸರ ಹಣ ನಿಲ್ಲಿಸಿ ಎಂಬ ಆಳೆತ್ತರದ ಇಂಗ್ಲಿಷ್ ಅಕ್ಷರಗಳು. ಮರುದಿನ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಆ ಚಿತ್ರ. ಎಮ್‌ಪಿಡಿ150, ರಿಕ್ಲೇಮ್ ದ ಬ್ಲಾಕ್ ಎಂಬ ಸ್ಥಳೀಯ ಗುಂಪುಗಳು ವರ್ಷಗಳಿಂದ ಬಜೆಟ್ ಸಭೆಗಳಿಗೆ ಹೋಗಿ ಹೇಳುತ್ತಿದ್ದ ಮಾತು ಹದಿನೈದು ದಿನದೊಳಗೆ ಬಹುಮತದ ಮಾತಾಗಿತ್ತು.

ಮಾತು ಕೊಟ್ಟವರು ವೇದಿಕೆ ಇಳಿದು ಹೋದರು. ಕೆಲವೇ ದಿನಗಳಲ್ಲಿ ಅದೇ ಪಾರ್ಕಿನಲ್ಲಿ ಡೇರೆಗಳು ಎದ್ದವು. ಜುಲೈ ಹೊತ್ತಿಗೆ ಐನೂರಕ್ಕೂ ಹೆಚ್ಚು. ಸುತ್ತಲಿನ ಮನೆಗಳ ಹಲವರು ಏನೇ ಆದರೂ ಪೊಲೀಸರನ್ನು ಕರೆಯುವುದಿಲ್ಲ ಎಂದು ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಂಡಿದ್ದರು. ಅವರೇ ಅಡುಗೆ ಮಾಡಿ ತಂದರು, ಬಟ್ಟೆ ಒಗೆದುಕೊಟ್ಟರು, ರಾತ್ರಿ ಕಾವಲಿಗೆ ಪಾಳಿ ಹಾಕಿಕೊಂಡರು. ನಿಜವಾದ ಪರೀಕ್ಷೆ ಆಮೇಲೆ ಬಂತು. ಡೇರೆಗಳಲ್ಲಿ ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ನಡೆದ ದೂರು, ಮಿತಿಮೀರಿದ ಮಾದಕ ವಸ್ತುವಿನಿಂದ ಬಿದ್ದವರು, ಬಂದೂಕಿನ ಸದ್ದು. ಚೀಲಗಟ್ಟಲೆ ದಿನಸಿ ಕೊಡಬಲ್ಲ ನೆರೆಯವರ ಕೈಯಲ್ಲಿ ಬೀಗವಿರುವ ಒಂದು ಕೋಣೆ ಕೊಡುವುದು ಸಾಧ್ಯವಿರಲಿಲ್ಲ. ಅದಕ್ಕೆ ಕಟ್ಟಡ ಬೇಕು, ಸಂಬಳದ ಸಿಬ್ಬಂದಿ ಬೇಕು, ವರ್ಷವರ್ಷವೂ ಬರುವ ದುಡ್ಡು ಬೇಕು. ಬೇಸಿಗೆ ಮುಗಿಯುವ ಹೊತ್ತಿಗೆ ಪಾರ್ಕ್ ಮಂಡಳಿ ಡೇರೆಗಳನ್ನು ಎತ್ತಿಸಿತು.

38ನೇ ಬೀದಿ: ಯಾರೂ ಎಸೆಯದ ಹೂವು

ಪಾರ್ಕಿನಿಂದ ನೈರುತ್ಯಕ್ಕೆ ಸ್ವಲ್ಪ ನಡೆದರೆ 38ನೇ ಬೀದಿಗೆ ಷಿಕಾಗೋ ಅವೆನ್ಯೂ ಕೂಡುವ ವೃತ್ತ. ಇದು ಕಪ್ಪು ಜನರ ಹಳೆಯ ವ್ಯಾಪಾರದ ಬೀದಿ. ಕೆಲವು ಬ್ಲಾಕ್ ಪಶ್ಚಿಮಕ್ಕೆ, 1934ರಿಂದ ಕಪ್ಪು ಸಮುದಾಯದ ಸುದ್ದಿ ಬರೆಯುತ್ತ ಬಂದಿರುವ ಸ್ಪೋಕ್ಸ್‌ಮನ್-ರೆಕಾರ್ಡರ್ ಪತ್ರಿಕೆಯ ಕಚೇರಿ. 1960ರ ದಶಕದಲ್ಲಿ ಹೆದ್ದಾರಿ ಈ ಬಡಾವಣೆಯನ್ನು ಸೀಳಿಕೊಂಡು ಹೋಯಿತು. ಅಂಗಡಿಗಳು ಒಂದೊಂದಾಗಿ ಮುಚ್ಚಿದವು, ಗಿರಾಕಿಗಳು ಚದುರಿದರು. ಪೊಲೀಸ್ ಕಾರುಗಳ ಓಡಾಟ ಮಾತ್ರ ಕಡಿಮೆಯಾಗಲಿಲ್ಲ.

ವೃತ್ತದ ನಡುವೆ ಮುಷ್ಟಿ ಎತ್ತಿದ ಕೈಯ ಶಿಲ್ಪ. ಮೊದಲು ಮರದ್ದು, 2021ರ ಆರಂಭದಲ್ಲಿ ಉಕ್ಕಿನದು ಬಂತು. ಒಂದು ಮೂಲೆಯಲ್ಲಿ ಈಗ ಹೆಸರು ಬದಲಿಸಿಕೊಂಡಿರುವ ಕಪ್ ಫುಡ್ಸ್ ಅಂಗಡಿ. ಅದರ ಮುಂದಿನ ಡಾಂಬರಿನ ಮೇಲೆ ಹೂವು, ಮೇಣದಬತ್ತಿ, ಆಟಿಕೆ, ಕೈಬರಹದ ಹಾಳೆಗಳು. 20 ಡಾಲರಿನ ನೋಟು ಖೋಟಾ ಇರಬಹುದು ಎಂದು ಅಂಗಡಿಯ ಹುಡುಗ 911ಕ್ಕೆ ಫೋನು ಮಾಡಿದ್ದೇ ಇಲ್ಲಿ ಎಲ್ಲಕ್ಕೂ ಮೊದಲು. ಆ ಫೋನಿಗೆ ಬಂದೂಕಿಲ್ಲದ ಒಬ್ಬ ಗುಮಾಸ್ತ ಬಂದಿದ್ದರೆ ಎಂದು ಇಲ್ಲಿ ನಿಂತವರಿಗೆ ಅನ್ನಿಸದೆ ಇರದು.

ಇನ್ನೊಂದು ಮೂಲೆಯಲ್ಲಿ ಮುಚ್ಚಿದ ಪೆಟ್ರೋಲ್ ಬಂಕ್. ಜನ ಅದಕ್ಕೆ ಪೀಪಲ್ಸ್ ವೇ ಎಂದು ಹೆಸರಿಟ್ಟರು. ಬಂಕಿನ ಮಾಡಿನ ಕೆಳಗೆ ಬೆಂಕಿ ಹಾಕಿಕೊಂಡು, ಇಲ್ಲಿನ ಮೂಳೆ ಕೊರೆಯುವ ಚಳಿಗಾಲದಲ್ಲೂ, ಬೆಳಗ್ಗೆ ಎಂಟಕ್ಕೆ ಒಂದು, ಸಂಜೆ ಏಳಕ್ಕೆ ಒಂದು ಸಭೆ. ಬೇಕಾದವರು ಒಯ್ಯಬಹುದಾದ ಕೋಟು, ಬೂಟುಗಳ ಸಾಲು ಪಕ್ಕದಲ್ಲೇ. ನಾಲ್ಕೂ ಕಡೆ ತಡೆಗೋಡೆ ಹಾಕಿ, ನಮ್ಮ 24 ಬೇಡಿಕೆ ಈಡೇರುವವರೆಗೆ ಬೀದಿ ಬಿಡುವುದಿಲ್ಲ ಎಂದು 2020ರ ಆಗಸ್ಟಿನಲ್ಲಿ ಬರೆದುಕೊಟ್ಟರು. ಆ ಪಟ್ಟಿಯಲ್ಲಿ ಪೊಲೀಸರ ಮೇಲಿನ ಹಳೆಯ ಪ್ರಕರಣಗಳನ್ನು ಮತ್ತೆ ತೆರೆಯಬೇಕೆಂಬುದೂ ಇತ್ತು, ಈ ಬಡಾವಣೆಯ ಯುವಕರಿಗೆ ಕೆಲಸ, ಅಂಗಡಿಗಳಿಗೆ ನೆರವು ಬೇಕೆಂಬುದೂ ಇತ್ತು.

ಒಂದು ವರ್ಷ ಇಲ್ಲಿ ಪೊಲೀಸರು ಸುಲಭವಾಗಿ ಕಾಲಿಡಲಿಲ್ಲ. ಆ ವರ್ಷವನ್ನು ನೆನೆಯುವವರ ಮಾತು ಎರಡು ಬಗೆ. ಕೆಲವರಿಗೆ ಅದು ಬಾಳಿನಲ್ಲಿ ಮೊದಲ ಸಲ ಬೀದಿ ತಮ್ಮದಾದ ವರ್ಷ. ಇನ್ನು ಕೆಲವರಿಗೆ ರಾತ್ರಿ ಗುಂಡಿನ ಸದ್ದು ಕೇಳಿ ಮಕ್ಕಳನ್ನು ನೆಲದ ಮೇಲೆ ಮಲಗಿಸಿದ, ಆಂಬುಲೆನ್ಸ್ ತಡವಾದ ವರ್ಷ. ಎರಡೂ ನಿಜ. 2021ರ ಜೂನ್‌ನಲ್ಲಿ ನಗರಾಡಳಿತ ಬೆಳಗಿನ ಜಾವ ಬಂದು ತಡೆಗಳನ್ನು ತೆಗೆಸಿತು. ತೆಗೆಯಲು ಮುಂದೆ ನಿಂತದ್ದು ಪೊಲೀಸರಲ್ಲ. ಒಂದು ಕಾಲದಲ್ಲಿ ಗ್ಯಾಂಗುಗಳಲ್ಲಿದ್ದು ಹೊರಬಂದವರು ಕಟ್ಟಿದ ಅಗಾಪೆ ಎಂಬ ಸಂಘಟನೆ, ನಗರಾಡಳಿತದ ಗುತ್ತಿಗೆ ಪಡೆದು ಆ ಕೆಲಸ ಮಾಡಿತು. ಪ್ರತಿಭಟನೆ ಮತ್ತು ಪೊಲೀಸರ ನಡುವೆ ಸಂಬಳ ಪಡೆಯುವ ನೆರೆಯವರು ಎಂಬ ಹೊಸ ವರ್ಗ ಹುಟ್ಟಿದ್ದನ್ನು ಈ ವೃತ್ತ ಕಣ್ಣಾರೆ ಕಂಡಿದೆ.

2025ರಲ್ಲಿ ನಾನು ಹೋದಾಗ ಕಾರುಗಳು ಶಿಲ್ಪವನ್ನು ಬಳಸಿಕೊಂಡು ನಿಧಾನವಾಗಿ ಹೋಗುತ್ತಿದ್ದವು. ಬೀದಿಯನ್ನು ಪೂರ್ತಿ ತೆರೆದು ಬಸ್ಸು ಬಿಡಬೇಕೇ, ನಡೆಯುವವರಿಗೆ ಮಾತ್ರ ಮೀಸಲಿಡಬೇಕೇ ಎಂದು ಮೇಯರ್‌ಗೂ ಕೌನ್ಸಿಲ್‌ಗೂ ಜಗಳ ನಡೆದಿತ್ತು. ಅದರ ನಡುವೆಯೂ ದಿನದ ಕೆಲಸ ದಿನಕ್ಕೆ ನಡೆಯುತ್ತಿತ್ತು. ಜನೆಲ್ ಆಸ್ಟಿನ್ 2020ರಲ್ಲಿ ಒಬ್ಬರೇ ಬಂದು ಕಸ ಹೆಕ್ಕುತ್ತ ಶುರುಮಾಡಿದ್ದನ್ನು ಈಗ ಆರೈಕೆದಾರರ ಒಂದು ಗುಂಪು ಮುಂದುವರಿಸಿದೆ. ಇಲ್ಲಿ ಇಟ್ಟ ಪ್ರತಿಯೊಂದು ವಸ್ತುವೂ ಯಾರದೋ ಕಾಣಿಕೆ, ಆದ್ದರಿಂದ ಏನನ್ನೂ ಎಸೆಯಕೂಡದು ಎಂಬುದು ಅವರ ನಿಯಮ. ಬಾಡಿದ ಹೂವು ಗೊಬ್ಬರವಾಗುತ್ತದೆ, ಕಾಗದ ಬಟ್ಟೆಗಳನ್ನು ಒಣಗಿಸಿ ಸಂಗ್ರಹಕ್ಕೆ ಸೇರಿಸುತ್ತಾರೆ. ಸ್ಮಾರಕಕ್ಕಿಂತ ಮನುಷ್ಯರು ಹೆಚ್ಚು ಪವಿತ್ರ ಎಂಬುದು ಅವರ ಇನ್ನೊಂದು ನಿಯಮ.

ಉತ್ತರಕ್ಕೆ ಒಂದು ಬೀದಿ ದಾಟಿದರೆ ಹುಲ್ಲಿನ ಬಯಲಲ್ಲಿ ಬಿಳಿಯ ಸಮಾಧಿ ಫಲಕಗಳ ಸಾಲು. ಪೊಲೀಸರ ಕೈಯಲ್ಲಿ ಸತ್ತ ಕಪ್ಪು ಜನರ ಹೆಸರುಗಳು, ನೂರರ ಆಸುಪಾಸು. 2020ರಲ್ಲಿ ಇಬ್ಬರು ಎಳೆಯ ವಿದ್ಯಾರ್ಥಿಗಳು ನಿಲ್ಲಿಸಿದ್ದು. ಅಡಿಯಲ್ಲಿ ಯಾರ ದೇಹವೂ ಇಲ್ಲ. ಆದರೂ ಚಪ್ಪಲಿಯ ಸದ್ದು ತಾನಾಗಿಯೇ ತಗ್ಗುತ್ತದೆ.

911: ನಕ್ಷೆಯಲ್ಲಿ ಇಲ್ಲದ ನಿಲ್ದಾಣ

ಈ ನಡಿಗೆಯ ಮುಖ್ಯ ಜಾಗವನ್ನು ಹೋಗಿ ನೋಡಲಾಗದು, ಅದೊಂದು ಫೋನ್ ಕರೆ. 2021ರ ಡಿಸೆಂಬರಿನಿಂದ ಮಿನಿಯಾಪೊಲಿಸ್‌ನಲ್ಲಿ ಯಾರಾದರೂ 911ಕ್ಕೆ ಕರೆಮಾಡಿ, ಪಕ್ಕದ ಮನೆಯವನು ಬೀದಿಯಲ್ಲಿ ತನ್ನಷ್ಟಕ್ಕೆ ಕೂಗಾಡುತ್ತಿದ್ದಾನೆ, ನನ್ನ ತಂಗಿ ಸಾಯುತ್ತೇನೆ ಎನ್ನುತ್ತಿದ್ದಾಳೆ ಎಂದರೆ, ಆಯುಧ ಇಲ್ಲ, ಹೊಡೆದಾಟ ಇಲ್ಲ ಎಂದು ಖಾತ್ರಿಯಾದರೆ, ಪೊಲೀಸ್ ಕಾರಿನ ಬದಲು ಒಂದು ವ್ಯಾನು ಬರುತ್ತದೆ. ಅದರಲ್ಲಿ ಮನೋಆರೋಗ್ಯದ ತರಬೇತಿ ಪಡೆದ ಇಬ್ಬರು. ಬಂದೂಕು ಇಲ್ಲ, ಬೇಡಿ ಇಲ್ಲ. ಮಾತಾಡುವುದು, ಸಮಾಧಾನ ಹೇಳುವುದು, ಬೇಕಾದರೆ ಆಸ್ಪತ್ರೆಗೋ ಆಶ್ರಯಕ್ಕೋ ದಾರಿ ಮಾಡುವುದು ಅವರ ಕೆಲಸ. ಕೆನೋಪಿ ರೂಟ್ಸ್ ಎಂಬ ಸ್ಥಳೀಯ ಸಂಸ್ಥೆ ನಗರದ ಗುತ್ತಿಗೆಯಲ್ಲಿ ಇದನ್ನು ನಡೆಸುತ್ತದೆ. ಮೊದಲು ವಾರದ ದಿನಗಳಿಗಷ್ಟೇ ಇದ್ದದ್ದು ಆಮೇಲೆ ಹಗಲು ರಾತ್ರಿ, ವಾರದ ಏಳೂ ದಿನಕ್ಕೆ ಬೆಳೆಯಿತು. ಸಾವಿರಾರು ಕರೆಗಳಿಗೆ ಈ ವ್ಯಾನು ಹೋಗಿದೆ.

ಫ್ರಾಂಕ್ಲಿನ್ ಅವೆನ್ಯೂದಲ್ಲಿ 1968ರಲ್ಲಿ ರೇಡಿಯೋ ಕೇಳಿಕೊಂಡು ಓಡುತ್ತಿದ್ದ ಕಾರಿನ ಕೆಲಸವೇ ಇದು. ಆಗ ಕಾರಿನವರು ಪೊಲೀಸರಿಗಿಂತ ಬೇಗ ಓಡಬೇಕಿತ್ತು. ಈಗ 911ರ ಸಿಬ್ಬಂದಿಯೇ ಕರೆಯನ್ನು ವ್ಯಾನಿಗೆ ಒಪ್ಪಿಸುತ್ತಾರೆ, ಸಂಬಳ ನಗರದ ಖಜಾನೆಯಿಂದ ಬರುತ್ತದೆ. ಈ ವ್ಯತ್ಯಾಸವನ್ನು ಹಗುರವಾಗಿ ನೋಡಬಾರದು. ಒರೆಗಾನ್ ರಾಜ್ಯದ ಯೂಜೀನ್ ಎಂಬ ಊರು 1989ರಲ್ಲೇ ಇಂಥ ವ್ಯಾನು ಓಡಿಸಿ ದೇಶಕ್ಕೆಲ್ಲ ಮಾದರಿಯಾಗಿತ್ತು, ಕಹೂಟ್ಸ್ ಎಂದು ಅದರ ಹೆಸರು. ನಡೆಸುತ್ತಿದ್ದ ಸಂಸ್ಥೆ ಹಣದ ಮುಗ್ಗಟ್ಟಿಗೆ ಸಿಕ್ಕಿ, 2025ರ ಏಪ್ರಿಲ್‌ನಲ್ಲಿ ಯೂಜೀನ್‌ನಲ್ಲಿ ಆ ವ್ಯಾನು ನಿಂತಿತು. 35 ವರ್ಷ ಓಡಿದ ಗಾಡಿಯೂ ದುಡ್ಡಿನ ದಾರಿ ತಪ್ಪಿದರೆ ನಿಲ್ಲುತ್ತದೆ.

ಸಿಟಿ ಹಾಲ್: ದುಡ್ಡಿನ ದಾರಿ

ಆದ್ದರಿಂದ ನಡಿಗೆಯನ್ನು 38ನೇ ಬೀದಿಯಲ್ಲಿ ಮುಗಿಸದೆ, ಷಿಕಾಗೋ ಅವೆನ್ಯೂದ ಡಿ ಲೈನ್ ಬಸ್ಸು ಹಿಡಿದು ಪೇಟೆಯ ಸಿಟಿ ಹಾಲ್‌ವರೆಗೂ ಬನ್ನಿ. ಒರಟು ಗ್ರಾನೈಟಿನ, ಗಡಿಯಾರ ಗೋಪುರದ ನೂರು ವರ್ಷ ದಾಟಿದ ಕಟ್ಟಡ. ಒಳಗೆ ಮಿಸಿಸಿಪ್ಪಿ ನದಿಯನ್ನು ಗಡ್ಡದ ಗಂಡಸಾಗಿ ಕಡೆದ ಭಾರೀ ಅಮೃತಶಿಲೆಯ ಮೂರ್ತಿ ಒರಗಿ ಕೂತಿದೆ. ಅವನ ಕಾಲಿನ ಹೆಬ್ಬೆರಳು ಉಜ್ಜಿದರೆ ಅದೃಷ್ಟ ಎಂದು ಹೇಳುತ್ತಾರೆ. ಬಜೆಟ್ ಕೇಳಲು ಬಂದವರೆಲ್ಲ ಉಜ್ಜಿದ್ದರೂ ಲೆಕ್ಕ ಬದಲಾದದ್ದು ಇಷ್ಟೇ:

ಪೌಡರ್‌ಹಾರ್ನ್ ಮಾತು ಕೊಟ್ಟು ಆರು ತಿಂಗಳಿಗೆ, 2020ರ ಡಿಸೆಂಬರಿನಲ್ಲಿ, ಜನರ ಅಹವಾಲು ಗಂಟೆಗಟ್ಟಲೆ ಕೇಳಿದ ಮೇಲೆ ಕೌನ್ಸಿಲ್ ಪೊಲೀಸರ ಸುಮಾರು 17.9 ಕೋಟಿ ಡಾಲರ್ ಬಜೆಟ್‌ನಿಂದ ಸುಮಾರು 80 ಲಕ್ಷ ಡಾಲರ್ ತೆಗೆದು ಹಿಂಸೆ ತಡೆಯುವ ಕೆಲಸ, ಮನೋಆರೋಗ್ಯದ ತಂಡ ಮುಂತಾದವಕ್ಕೆ ಕೊಟ್ಟಿತು. ನೂರು ಡಾಲರಿಗೆ ಐದು ಕೂಡ ಪೂರ್ತಿ ಇಲ್ಲ. ಎರಡು ತಿಂಗಳಲ್ಲಿ, ಹೊಸ ಪೊಲೀಸರನ್ನು ಸೇರಿಸಿಕೊಳ್ಳಲು ಅದೇ ಕೌನ್ಸಿಲ್ 64 ಲಕ್ಷ ಡಾಲರ್ ಮಂಜೂರು ಮಾಡಿತು. 2021ರ ಮಾರ್ಚಿನಲ್ಲಿ ಫ್ಲಾಯ್ಡ್ ಕುಟುಂಬಕ್ಕೆ ನಗರ ಒಪ್ಪಿದ ಪರಿಹಾರ 2.7 ಕೋಟಿ ಡಾಲರ್. ಒಂದು ಸಾವಿಗೆ ತೆತ್ತದ್ದು, ವರ್ಷವಿಡೀ ಪರ್ಯಾಯಕ್ಕೆ ತಿರುಗಿಸಿದ್ದರ ಮೂರು ಪಟ್ಟಿಗೂ ಹೆಚ್ಚು.

ಇಲಾಖೆಯನ್ನೇ ಬದಲಿಸಲು ಅಡ್ಡಿಯಾದದ್ದು ನಗರದ ಚಾರ್ಟರ್. ಸಾವಿರ ಜನಸಂಖ್ಯೆಗೆ 1.7ರಂತೆ ಪೊಲೀಸ್ ಸಿಬ್ಬಂದಿಗೆ ದುಡ್ಡು ಒದಗಿಸಲೇಬೇಕು ಎಂದು 1961ರಿಂದ ಅದರಲ್ಲಿ ಬರೆದಿದೆ. ಸುಮಾರು 4.3 ಲಕ್ಷ ಜನರ ನಗರಕ್ಕೆ ಅದು 731 ಆಗುತ್ತದೆ. ಈ ಲೆಕ್ಕ ಹಿಡಿದು ನ್ಯಾಯಾಲಯಕ್ಕೆ ಹೋದವರು ಉತ್ತರ ಭಾಗದ ನಿವಾಸಿಗಳು. ಕಪ್ಪು ಜನ ಹೆಚ್ಚಿರುವ, ಗುಂಡಿನ ಸದ್ದು ಹೆಚ್ಚು ಕೇಳುವ ಬಡಾವಣೆಗಳವರು. ನಮಗೆ ಒಳ್ಳೆಯ ಪೊಲೀಸರು ಬೇಕು, ಪೊಲೀಸರೇ ಬೇಡ ಎಂದು ನಾವು ಎಲ್ಲಿ ಹೇಳಿದೆವು ಎಂಬುದು ಅವರ ತಕರಾರು. 2022ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಅವರ ಮಾತಿನಲ್ಲಿ ಹುರುಳಿದೆ ಎಂದಿತು. ಅದಕ್ಕೂ ಮೊದಲೇ, 2021ರ ನವೆಂಬರ್ 2ರಂದು, ಪೊಲೀಸ್ ಇಲಾಖೆಯ ಜಾಗದಲ್ಲಿ ಸಾರ್ವಜನಿಕ ಸುರಕ್ಷತಾ ಇಲಾಖೆ ತರುವ ಪ್ರಸ್ತಾವ ಮತಕ್ಕೆ ಬಂದು, ಸುಮಾರು ನೂರಕ್ಕೆ 56 ಮಂದಿ ಬೇಡ ಎಂದಿದ್ದರು. ಆ ವರ್ಷ ನಗರದಲ್ಲಿ ಕೊಲೆಗಳು ತೊಂಬತ್ತು ದಾಟಿದ್ದವು. ಹೆದರಿದವರನ್ನು ದಡ್ಡರು ಎನ್ನುವುದು ಸುಲಭ, ನ್ಯಾಯವಲ್ಲ.

ಇನ್ನೊಂದು ತಿರುವು ಯಾರೂ ಮತ ಹಾಕದೆ ಬಂದದ್ದು. 2020ರಲ್ಲಿ ಒಂಬೈನೂರರ ಹತ್ತಿರ ಇದ್ದ ಪೊಲೀಸರು ರಾಜೀನಾಮೆ, ಮಾನಸಿಕ ಆಘಾತದ ರಜೆ, ನಿವೃತ್ತಿಗಳಲ್ಲಿ ಕರಗಿ ಕೆಲವೇ ವರ್ಷಗಳಲ್ಲಿ ಆರುನೂರಕ್ಕಿಂತ ಕೆಳಗೆ ಬಂದರು. ಆದರೆ ಇಲಾಖೆಯ ಬಜೆಟ್ ಈಗ 20 ಕೋಟಿ ಡಾಲರನ್ನೂ ದಾಟಿದೆ. ಪೊಲೀಸ್ ಸಂಘದ ಜೊತೆಗಿನ 2024ರ ಒಪ್ಪಂದದಲ್ಲಿ ಮೂರು ವರ್ಷದ ಲೆಕ್ಕಕ್ಕೆ ಸಂಬಳ ನೂರಕ್ಕೆ 20ಕ್ಕೂ ಮಿಕ್ಕಿ ಏರಿತು. ಪೊಲೀಸರು ಕಡಿಮೆಯಾದರು, ಪೊಲೀಸರ ಖರ್ಚು ಹೆಚ್ಚಾಯಿತು. ಜನಾಂಗ ನೋಡಿ ನಡೆದುಕೊಳ್ಳುವ ಚಾಳಿ ಈ ಇಲಾಖೆಯಲ್ಲಿದೆ ಎಂದು ರಾಜ್ಯದ ಮಾನವ ಹಕ್ಕು ಇಲಾಖೆ 2022ರಲ್ಲಿ, ಕೇಂದ್ರದ ನ್ಯಾಯ ಇಲಾಖೆ 2023ರಲ್ಲಿ ವರದಿ ಕೊಟ್ಟವು. ಕೇಂದ್ರದೊಂದಿಗೆ ಆದ ಸುಧಾರಣಾ ಒಪ್ಪಂದ ಟ್ರಂಪ್ ಆಡಳಿತ ಬಂದ ಮೇಲೆ, 2025ರ ಮೇ ತಿಂಗಳಲ್ಲಿ ರದ್ದಾಯಿತು. ರಾಜ್ಯದೊಂದಿಗಿನದು ಉಳಿದಿದೆ.

ಇಷ್ಟೆಲ್ಲ ಸುತ್ತಿದ ಮೇಲೆ ನನಗೆ ಕಂಡದ್ದು ಸರಳ. ಈ ನಗರದಲ್ಲಿ ತೆಗೆಯುತ್ತೇವೆ ಎಂಬ ಮಾತು ಸೋತಿತು, ಸೇರಿಸಿದ ಕೆಲಸ ಉಳಿಯಿತು. ಪೊಲೀಸರ ದುಡ್ಡು ಕಡಿಯುವ ಘೋಷಣೆಯನ್ನು ಇಂದು ಚುನಾವಣೆಯಲ್ಲಿ ಹೇಳಿಕೊಳ್ಳಲು ಅಭ್ಯರ್ಥಿಗಳೇ ಹಿಂಜರಿಯುತ್ತಾರೆ. ಆದರೆ ಮನೋಆರೋಗ್ಯದ ವ್ಯಾನನ್ನು ನಿಲ್ಲಿಸಿ ಎಂದು ಯಾವ ಪಕ್ಷದ ಸದಸ್ಯರೂ ಎದ್ದುನಿಂತು ಹೇಳುವುದಿಲ್ಲ. ಹಾಗೆಂದು ಘೋಷಣೆ ವ್ಯರ್ಥವಾಯಿತು ಎನ್ನಲೂ ಆಗದು. ಆ ಕೂಗು ಇಲ್ಲದಿದ್ದರೆ ಆ 80 ಲಕ್ಷವೂ ಹೊರಡುತ್ತಿರಲಿಲ್ಲ, ವ್ಯಾನೂ ಬರುತ್ತಿರಲಿಲ್ಲ. ನೆರೆಯವರ ನೆರವಿಗೆ ಅಪ್ಪಣೆ ಬೇಕಿಲ್ಲ, ಒಂದೇ ಭಾನುವಾರದಲ್ಲಿ ಹತ್ತಾರು ಸಾವಿರ ಚೀಲ ಬರುತ್ತವೆ. ಸೋಮವಾರ, ಮಂಗಳವಾರ, ಮುಂದಿನ ವರ್ಷದ ಮಂಗಳವಾರಕ್ಕೆ ಅದು ಬಾಳಬೇಕಾದರೆ ಬಜೆಟ್ಟಿನಲ್ಲಿ ಒಂದು ಸಾಲು ಬೇಕು. ಆ ಸಾಲು ಬಂದ ಮೇಲೆ ಗುತ್ತಿಗೆ, ರಸೀದಿ, ಲೆಕ್ಕ ತಪಾಸಣೆ ಎಲ್ಲವೂ ಬರುತ್ತವೆ. ಬೀದಿಯಲ್ಲಿ ಹಿಂಸೆ ತಡೆಯುವ ಗುಂಪುಗಳಿಗೂ ನಗರಾಡಳಿತಕ್ಕೂ ಈಗ ನಡೆಯುವ ಜಗಳ ಬಹುಪಾಲು ಇದರದ್ದೇ: ಬಿಲ್ಲು ಪಾಸಾಗಿಲ್ಲ, ಗುತ್ತಿಗೆ ಯಾರಿಗೆ ಕೊಟ್ಟಿರಿ, ಫಲಿತಾಂಶ ತೋರಿಸಿ.

ಹೋಗುವವರಿಗೆ

ಬ್ಲೂ ಲೈನ್ ವಿಮಾನ ನಿಲ್ದಾಣದಲ್ಲೇ ಸಿಗುತ್ತದೆ, ಫ್ರಾಂಕ್ಲಿನ್, ಲೇಕ್ ಸ್ಟ್ರೀಟ್, ಸಿಟಿ ಹಾಲ್ ಮೂರೂ ಅದೇ ದಾರಿಯಲ್ಲಿವೆ. ಲೇಕ್ ಸ್ಟ್ರೀಟ್ ಉದ್ದಕ್ಕೂ 2025ರ ಜೂನ್‌ನಿಂದ ಬಿ ಲೈನ್ ಬಸ್ಸು ಓಡುತ್ತಿದೆ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ನಡೆಯಲು ಹಿತ, ಉಳಿದ ದಿನ ಕಿವಿ ಮುಚ್ಚುವ ಟೋಪಿ ಇಲ್ಲದೆ ಹೊರಡಬೇಡಿ. 38ನೇ ಬೀದಿಯ ವೃತ್ತ ಸ್ಮಾರಕವೂ ಹೌದು, ಜನ ವಾಸಿಸುವ ಬೀದಿಯೂ ಹೌದು. ಹೂವಿನ ಮೇಲೆ ಕಾಲಿಡಬೇಡಿ, ಅಲ್ಲಿರುವವರ ಫೋಟೊ ತೆಗೆಯುವ ಮೊದಲು ಕೇಳಿ. ಒಂದು ಕಾಫಿ, ಒಂದು ಊಟವನ್ನಾದರೂ ಅಲ್ಲಿನ ಅಂಗಡಿಗಳಲ್ಲೇ ಮುಗಿಸಿ, ವರ್ಷಗಟ್ಟಲೆ ಗಿರಾಕಿ ಇಲ್ಲದೆ ನವೆದ ಅಂಗಡಿಗಳು ಅವು. ಡಿಸೆಂಬರಿನಲ್ಲಿ ಬಂದರೆ ನಗರದ ಬಜೆಟ್ ಅಹವಾಲು ಸಭೆ ಯಾವತ್ತು ಎಂದು ವಿಚಾರಿಸಿ. ಯಾರು ಬೇಕಾದರೂ ಹೋಗಿ ಕೂರಬಹುದು. ಬೀದಿಯಲ್ಲಿ 2020ರಲ್ಲಿ ಕೂಗಿ ಕೇಳಿದ್ದನ್ನು ಈಗ ಅದೇ ಜನ ಸರದಿಯಲ್ಲಿ ನಿಂತು, ಕೈಯಲ್ಲಿ ಹಾಳೆ ಹಿಡಿದು, ಕೊಟ್ಟ ನಿಮಿಷದೊಳಗೆ, ಅಂಕಿಗಳ ಸಮೇತ ಕೇಳುತ್ತಾರೆ.